ಜಾಂಬಿಯಾದ ಹಳ್ಳಿಗೆ ಮೊದಲ ಭೇಟಿ: ಪೀಸ್ ಕೋರ್ ಸ್ವಯಂಸೇವಕರೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಮನೆಗಳ ಮಕ್ಕಳು, ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ ಪೀಸ್ ಕೋರ್ ಸೇರಿ ಆಫ್ರಿಕಾಕ್ಕೆ ಹೊರಟಾಗ ಅವರೂ ಅಪ್ಪ ಅಮ್ಮಂದಿರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರಗಳೆಲ್ಲ ಜಾಂಬಿಯಾದ ಉತ್ತರ ಭಾಗಕ್ಕೆ, ಅಂದರೆ ಬೆಂಬಾ ಮಾತಾಡುವ ನಾರ್ದರ್ನ್, ಲುವಾಪುಲಾ, ಮುಚಿಂಗಾ ಪ್ರಾಂತ್ಯಗಳಿಗೆ ಸಂಬಂಧಿಸಿದವು. ಬೇರೆ ದೇಶಕ್ಕೆ ಹೋಗುವವರಿಗೆ ಮನೆ, ನೀರು, ನಕ್ಷೆಯ ಭಾಗ ಉಪಯೋಗಕ್ಕೆ ಬರುತ್ತದೆ. ಊಟ, ನಮಸ್ಕಾರದ ಭಾಗ ಬರುವುದಿಲ್ಲ.

## ಮೊದಲು ತಿಳಿಯಬೇಕಾದದ್ದು

ಎರಡು ವರ್ಷ ಅಲ್ಲೇ ಇರೋದಿದೆಯಲ್ಲ, ಮತ್ತೆ ಮೊದಲೇ ಒಂದು ಸಲ ‘ಸೈಟ್ ವಿಸಿಟ್’ ಅಂತ ಯಾಕೆ ಕಳಿಸ್ತಾರೆ?

ಪೀಸ್ ಕೋರ್ ಸೇವೆಯ ಅವಧಿ 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ. ಆಗ ಸ್ಥಳೀಯ ಕುಟುಂಬವೊಂದರ ಜೊತೆ ಇದ್ದುಕೊಂಡು ಭಾಷೆಯನ್ನೂ ಕೆಲಸವನ್ನೂ ಕಲಿಯಬೇಕು. ಜಾಂಬಿಯಾದಲ್ಲಿ ಈ ಅವಧಿಯಲ್ಲಿ ಎರಡು ಪ್ರವಾಸಗಳಿರುತ್ತವೆ. ಮೊದಲನೆಯದು, ಆಗಲೇ ಹಳ್ಳಿಯಲ್ಲಿ ನೆಲೆ ನಿಂತಿರುವ ಸ್ವಯಂಸೇವಕರೊಬ್ಬರ ಮನೆಗೆ. ದಿನನಿತ್ಯದ ಬದುಕು ಹೇಗಿರುತ್ತದೆಂದು ನೋಡಿಕೊಂಡು ಬರುವುದಕ್ಕೆ. ಎರಡನೆಯದು ನಿಮ್ಮದೇ ಊರಿಗೆ, ಕೆಲವು ದಿನಗಳ ಮಟ್ಟಿಗೆ. ಈ ಪುಟ ಎರಡನೆಯದರ ಬಗ್ಗೆ.

ಮರಳಿದ ಮೇಲೂ ತರಬೇತಿ ಮುಂದುವರಿಯುತ್ತದೆ, ಈ ಭೇಟಿಯ ಬೆಲೆ ಇರುವುದು ಅದರಲ್ಲೇ. ಊರಿನಲ್ಲಿ ಎಲ್ಲಿ ಮಾತು ಕಟ್ಟಿತು, ಯಾವ ಪದ ಗೊತ್ತಿರಲಿಲ್ಲ, ಬಾಗಿಲಿಗೆ ಚಿಲಕ ಇಲ್ಲ, ಸೂರು ಸೋರುತ್ತದೆ ಎಂಬುದನ್ನೆಲ್ಲ ತಂದು ಭಾಷಾ ಶಿಕ್ಷಕರ ಮುಂದೆ, ಕಚೇರಿಯವರ ಮುಂದೆ ಇಡಬಹುದು. ಹಾಗಾಗಿ ಈ ಪ್ರವಾಸದಲ್ಲಿ ಕೆಲಸ ಶುರು ಮಾಡಬೇಡಿ. ನೋಡಿ, ಅಳೆಯಿರಿ, ಪರಿಚಯ ಮಾಡಿಕೊಳ್ಳಿ, ಬರೆದುಕೊಳ್ಳಿ. ಕೆಳಗಿನ ಬಹುಪಾಲು ಉತ್ತರಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ನಾನು ಬೆಂಗಳೂರಿನವನು, ಭಾರತದ ಪಾಸ್‌ಪೋರ್ಟ್. ನಾನೂ ಸೇರಬಹುದಾ?

ಇಲ್ಲ. 1961ರಲ್ಲಿ ಶುರುವಾದ ಪೀಸ್ ಕೋರ್ ಅಮೆರಿಕ ಸರ್ಕಾರದ ಸಂಸ್ಥೆ. 18 ವರ್ಷ ತುಂಬಿದ ಅಮೆರಿಕನ್ ಪ್ರಜೆಗಳಿಗೆ ಮಾತ್ರ ಅವಕಾಶ. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಭಾರತೀಯ ಪ್ರಜೆಗಳು ಜರ್ಮನಿಯ ಬಾನ್‌ನಲ್ಲಿ ಕೇಂದ್ರ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯನ್ನೋ ವಿ.ಎಸ್.ಒ. ಎಂಬ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆಯನ್ನೋ ನೋಡಬಹುದು. 1961ರಿಂದ 1976ರವರೆಗೆ ಇದೇ ಪೀಸ್ ಕೋರ್‌ನವರು ಭಾರತದಲ್ಲೂ ಇದ್ದರು. ಅಂದಿನ ಮೈಸೂರು ರಾಜ್ಯಕ್ಕೂ ಕನ್ನಡ ಕಲಿತು ಬಂದವರಿದ್ದಾರೆ. ನಿಮ್ಮ ಊರಿನ ಹಿರಿಯರನ್ನು ವಿಚಾರಿಸಿದರೆ ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ಹುಡುಗನ ನೆನಪು ಯಾರಿಗಾದರೂ ಇದ್ದೀತು.

ಮೊದಲ ಸಲ ಅಷ್ಟು ದೂರ ಹೋಗ್ತಿದ್ದಾಳೆ. ನಾವು ಅಪ್ಪ ಅಮ್ಮ ಜೊತೆಗೆ ಹೋಗಿ ಬಿಟ್ಟು ಬರಬಹುದಾ?

ಆಗುವುದಿಲ್ಲ. ತರಬೇತಿಯ ಸಮಯದಲ್ಲಿ ಭೇಟಿಗೆ ಅವಕಾಶವಿಲ್ಲ. ಸೇವೆಯ ಮೊದಲ ಮೂರು ತಿಂಗಳು ಮತ್ತು ಕೊನೆಯ ಮೂರು ತಿಂಗಳು ರಜೆಯೂ ಸಿಗದು. ಆಮೇಲೆ ಹೋಗಿ ನೋಡಿ ಬರಬಹುದು. ಮಳೆಗಾಲ ಮುಗಿದ ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೋದರೆ ದಾರಿ ಸುಲಭ, ಸೊಳ್ಳೆಯೂ ಕಡಿಮೆ.

ಭೇಟಿಯ ದಿನಗಳಲ್ಲಿ ಫೋನ್ ಸಿಗದಿದ್ದರೆ ಗಾಬರಿಯಾಗಬೇಡಿ. ಹಳ್ಳಿಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಆಕೆಗೇ ಇನ್ನೂ ಗೊತ್ತಿರುವುದಿಲ್ಲ. ಹೊರಡುವ ಮೊದಲು ‘ಇಂಥ ದಿನ ಬೋಮಾಕ್ಕೆ ಬಂದಾಗ ಸಂದೇಶ ಕಳಿಸುತ್ತೇನೆ’ ಎಂದು ಮಾತಾಡಿಕೊಂಡರೆ ಸಾಕು. ಬೋಮಾ ಎಂದರೆ ಜಿಲ್ಲಾ ಕೇಂದ್ರ. ಬ್ಯಾಂಕು, ಅಂಗಡಿ, ಬಸ್ ನಿಲ್ದಾಣ ಇರುವ ಪೇಟೆ. ನಿಜವಾದ ತುರ್ತು ಇದ್ದರೆ ಮಗಳ ಫೋನಿಗೆ ಕಾಯದೆ ಸಂಸ್ಥೆಯ ತುರ್ತು ಸಂಖ್ಯೆಗೇ ಕರೆ ಮಾಡಿ.

## ಹೊರಡುವ ಮುನ್ನ

ಕೆಲವೇ ದಿನಕ್ಕೆ ಏನೇನು ತುಂಬಿಕೊಳ್ಳಲಿ?

ಬೆನ್ನಿಗೆ ಹಾಕಿಕೊಂಡು ಒಂದು ಗಂಟೆ ನಡೆಯಲಾಗುವಷ್ಟು, ಸೈಕಲ್ ಹಿಂದೆ ಕಟ್ಟಲಾಗುವಷ್ಟು. ಟಾರು ರಸ್ತೆಯಿಂದ ಊರಿಗೆ ಏನು ವಾಹನ ಸಿಗುತ್ತದೆಂದು ಹೇಳಲಾಗದು.

ಬಿಡಲೇಬಾರದ್ದು ಹೀಗಿವೆ: 5 ಮೀಟರ್ ಅಳತೆ ಟೇಪು, ದಪ್ಪ ರಟ್ಟಿನ ನೋಟ್‌ಬುಕ್, ಎರಡು ಪೆನ್ನು, ಸೊಳ್ಳೆ ಪರದೆ, ಅದನ್ನು ಕಟ್ಟಲು 10 ಮೀಟರ್ ಹಗ್ಗ, ನಾಲ್ಕು ಮೊಳೆ, ತಲೆಗೆ ಕಟ್ಟುವ ದೀಪ, ಬ್ಯಾಟರಿ, ಒಂದು ಬೀಗ, ಮಲೇರಿಯಾ ಮಾತ್ರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೊದಲ ದಿನಕ್ಕೆ 3 ಲೀಟರ್ ಕುಡಿಯುವ ನೀರು, ಎರಡು ಚಿಟೆಂಗೆ. ಚಿಟೆಂಗೆ ಎಂದರೆ ಎರಡು ಮೀಟರ್ ಉದ್ದದ ಅಚ್ಚಿನ ಬಟ್ಟೆ. ಸೊಂಟಕ್ಕೆ ಸುತ್ತಲು, ಹಾಸಲು, ಹೊದೆಯಲು, ಸ್ನಾನಕ್ಕೆ ಹೋಗುವಾಗ ಮೈ ಮುಚ್ಚಲು, ಕಿಟಕಿಗೆ ಪರದೆ ಕಟ್ಟಲು ಅದೇ ಸಾಕು.

ಎಲ್ಲರೂ ಮರೆಯುವುದು ಅಳತೆ ಟೇಪನ್ನು. ಅದಿಲ್ಲದೆ ಹೋದವರು ಮುಂದೆ ಸಾಮಾನು ಕೊಳ್ಳುವಾಗ ‘ಬಾಗಿಲು ಇಷ್ಟಗಲ ಇತ್ತು’ ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಕೊಂಡು ತಂದ ಹಾಸಿಗೆ ಮನೆಯೊಳಗೆ ಹೋಗುವುದೇ ಇಲ್ಲ.

ಆಫ್ರಿಕಾ ಅಂದ್ಮೇಲೆ ಸೆಕೆ ತಾನೆ? ಸ್ವೆಟರ್ ಯಾಕೆ?

ಉತ್ತರ ಜಾಂಬಿಯಾ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದ ಪ್ರಸ್ಥಭೂಮಿ. ಸಮಭಾಜಕದ ದಕ್ಷಿಣಕ್ಕಿರುವುದರಿಂದ ಚಳಿಗಾಲ ಜೂನ್, ಜುಲೈನಲ್ಲಿ. ರಾತ್ರಿ ಮಣ್ಣಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಕೆಳಗಿನಿಂದ ಚಳಿ ಏರುತ್ತದೆ. ಕಂಬಳಿ, ಸ್ವೆಟರ್, ಕಾಲುಚೀಲ ಬೇಕೇ ಬೇಕು. ಸೆಪ್ಟೆಂಬರ್, ಅಕ್ಟೋಬರ್ ಬಿಸಿ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ; ಆಗ ಕೊಡೆಗಿಂತ ದೊಡ್ಡ ಪ್ಲಾಸ್ಟಿಕ್ ಚೀಲಗಳು ಉಪಯೋಗಕ್ಕೆ ಬರುತ್ತವೆ. ಬ್ಯಾಗಿನ ಒಳಗೆ ಮೊದಲು ಚೀಲ ಹಾಕಿ, ಆಮೇಲೆ ಬಟ್ಟೆ ತುಂಬಿ.

ಮಲೇರಿಯಾ ಮಾತ್ರೆ ನಿಜವಾಗಲೂ ಬೇಕಾ? ಊರಲ್ಲಿ ನಾವ್ಯಾರೂ ತಗೊಳ್ಳಲ್ಲವಲ್ಲ.

ಬೇಕು. ತಗೊಳ್ಳದಿದ್ದರೆ ಸಂಸ್ಥೆ ನಿಮ್ಮನ್ನು ಮನೆಗೆ ಕಳಿಸಬಹುದು. ಇಲ್ಲಿ ಹೆಚ್ಚಾಗಿ ಬರುವುದು ಫಾಲ್ಸಿಪ್ಯಾರಮ್ ಮಲೇರಿಯಾ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಲುವಾಪುಲಾ ಪ್ರಾಂತ್ಯದಲ್ಲಂತೂ ಅದರ ಕಾಟ ದೇಶದಲ್ಲೇ ಹೆಚ್ಚು. ಅಮೆರಿಕದಲ್ಲಿ ಬೆಳೆದವರ ಮೈಯಲ್ಲಿ ಮಲೇರಿಯಾ ತಡೆಯುವ ಶಕ್ತಿ ಇರುವುದಿಲ್ಲ. ಅಪ್ಪ ಅಮ್ಮ ಭಾರತದವರೆಂದ ಮಾತ್ರಕ್ಕೆ ಬರುವುದೂ ಇಲ್ಲ.

ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೊಂದು, ತುಂಬು ಲೋಟ ನೀರಿನ ಜೊತೆ. ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತದೆ. ಅದನ್ನು ತಗೊಂಡಾಗ ಬಿಸಿಲಿಗೆ ಚರ್ಮವೂ ಬೇಗ ಸುಡುವುದರಿಂದ ಟೋಪಿ ಬೇಕು. ಅಟೊವಕ್ವೋನ್-ಪ್ರೊಗ್ವಾನಿಲ್ ಕೂಡ ದಿನಕ್ಕೊಂದು, ಊಟದ ಜೊತೆ. ಮೆಫ್ಲೋಕ್ವಿನ್ ವಾರಕ್ಕೊಂದು, ಕೆಲವರಿಗೆ ಕೆಟ್ಟ ಕನಸು, ಆತಂಕ ತರುತ್ತದೆ, ಹಾಗಾದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ. ಪ್ರವಾಸದಲ್ಲಿ ದಿನಚರಿ ತಪ್ಪುತ್ತದೆ, ಮಾತ್ರೆಯೂ ತಪ್ಪುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಜೊತೆಗೇ ಕಟ್ಟಿಡಿ.

## ದಾರಿ ಮತ್ತು ಮೊದಲ ದಿನ

ಲುಸಾಕಾದಿಂದ ಹಳ್ಳಿಗೆ ಹೇಗೆ ಹೋಗೋದು?

ರಾಜಧಾನಿ ಲುಸಾಕಾದಿಂದ ನಾರ್ದರ್ನ್ ಪ್ರಾಂತ್ಯದ ಕೇಂದ್ರ ಕಸಾಮಾ ಸುಮಾರು 850 ಕಿಲೋಮೀಟರ್. ಗ್ರೇಟ್ ನಾರ್ತ್ ರೋಡಿನಲ್ಲಿ ಬಸ್ಸಿನಲ್ಲಿ ಒಂದು ಇಡೀ ದಿನ. ದೊಡ್ಡ ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ. ಮಿನಿಬಸ್ಸಿಗೆ ಹೊತ್ತು ಗೊತ್ತಿಲ್ಲ. ಸೀಟು ತುಂಬಿದರೆ ಹೊರಟಿತು. ಕೊನೆಯ ಸೀಟಿಗೆ ಎರಡು ಮೂರು ಗಂಟೆ ಕಾಯುವುದು ಮಾಮೂಲು.

ಕತ್ತಲಾದ ಮೇಲೆ ರಸ್ತೆಯಲ್ಲಿ ಇರಬೇಡಿ. ದೀಪವಿಲ್ಲದೆ ಕೆಟ್ಟು ನಿಂತ ಲಾರಿಗಳು, ದನ, ಸೈಕಲ್ಲುಗಳಿಂದ ರಾತ್ರಿಯ ಹೆದ್ದಾರಿ ಅಪಾಯದ್ದು. ‘ಇನ್ನು ಒಂದೇ ಗಂಟೆ ದಾರಿ’ ಎಂದು ಯಾರೇ ಹೇಳಿದರೂ ಸಂಜೆಯಾದರೆ ಬೋಮಾದಲ್ಲೇ ಉಳಿಯಿರಿ. ಮೋಟಾರ್‌ಸೈಕಲ್ ಹಿಂದೆ ಕೂರಬೇಡಿ. ಸೈಕಲ್ ತುಳಿಯುವಾಗ ಹೆಲ್ಮೆಟ್ ಕಡ್ಡಾಯ.

ಟಾರು ರಸ್ತೆಯಿಂದ ಮನೆಯವರೆಗೆ ಸಾಧ್ಯವಾದರೆ ನಡೆದೇ ಹೋಗಿ, ಗಡಿಯಾರ ನೋಡಿಕೊಳ್ಳಿ. ಎಲ್ಲಿ ಮರಳು, ಎಲ್ಲಿ ಹಳ್ಳ, ಮಳೆಗಾಲದಲ್ಲಿ ಯಾವ ಸೇತುವೆ ಮುಳುಗುತ್ತದೆ ಎಂದು ಜೊತೆಗಿರುವವರನ್ನು ಕೇಳುತ್ತಾ ಹೋಗಿ. ಕಾಯಿಲೆ ಬಿದ್ದ ದಿನ ನಿಮ್ಮನ್ನು ಕರೆದೊಯ್ಯುವ ಗಾಡಿಗೆ ಈ ಉತ್ತರಗಳೇ ಬೇಕು.

ಯಾರನ್ನಾದರೂ ಕಂಡಾಗ ಏನು ಮಾಡಬೇಕು? ಕೈ ಕುಲುಕಬೇಕಾ, ಕೈ ಮುಗಿಯಬೇಕಾ?

‘ಮುಲಿ ಶಾನಿ ಮುಕ್ವೈ?’ ಎಂದು ಕೇಳಿ. ಚೆನ್ನಾಗಿದ್ದೀರಾ ಎಂದರ್ಥ, ‘ಮುಕ್ವೈ’ ಗೌರವಕ್ಕೆ. ‘ಬ್ವಿನೊ’ ಎಂದು ಉತ್ತರ ಬರುತ್ತದೆ. ಥ್ಯಾಂಕ್ಸ್ ಹೇಳಲು ‘ನಾತೊತೇಲ’. ಹಿರಿಯರೆದುರು ಸ್ವಲ್ಪ ಬಗ್ಗಿ ಅಥವಾ ಮಂಡಿಯೂರಿ, ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುವುದೇ ಅಲ್ಲಿಯ ನಮಸ್ಕಾರ. ಕೈ ಕುಲುಕುವಾಗ ಎಡಗೈಯಿಂದ ಬಲ ಮೊಣಕೈಯನ್ನು ಮುಟ್ಟಿಕೊಳ್ಳಬೇಕು. ಕೊಡುವಾಗ, ತಗೊಳ್ಳುವಾಗ ಬಲಗೈ ಅಥವಾ ಎರಡೂ ಕೈ. ಯಾರದೇ ಅಂಗಳಕ್ಕೆ ಹೋದರೂ ದೂರದಲ್ಲೇ ನಿಂತು ‘ಓಡಿ’ ಎಂದು ಕೂಗಿ. ಒಳಗಿನಿಂದ ‘ಕಲಿಬು’ ಎಂದರೆ ಹೋಗಬಹುದು.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂಬುದು ರಕ್ತದಲ್ಲೇ ಇರುತ್ತದೆ. ಬೆಂಬಾದಲ್ಲೂ ಹಿರಿಯರಿಗೆ ಬಹುವಚನವೇ, ಹೆಸರಿನ ಮುಂದೆ ‘ಬಾ’ ಸೇರಿಸಿದರೆ ಗೌರವ. ಬರೀ ಇಂಗ್ಲಿಷ್ ಗೊತ್ತಿರುವವರು ಇದನ್ನು ರೂಢಿ ಮಾಡಿಕೊಳ್ಳಲು ವಾರಗಟ್ಟಲೆ ಹೆಣಗುತ್ತಾರೆ.

ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿ. ಮಾತಾಡಿಸದೆ ಮುಂದೆ ಹೋದವರ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಊರಿನ ಚೀಫ್‌ರನ್ನ ನೋಡಲೇಬೇಕಂತೆ. ಬರಿಗೈಲಿ ಹೋಗೋದಾ?

ನೋಡಲೇಬೇಕು. ಬೆಂಬಾ ನಾಡಿಗೆ ಚಿಟಿಮುಕುಲು ಪರಮ ದೊರೆ, ಅವರ ಕೆಳಗೆ ಚೀಫ್‌ಗಳು, ಪ್ರತಿ ಹಳ್ಳಿಗೊಬ್ಬ ಮುಖಂಡ. ಹಳ್ಳಿಗಳಲ್ಲಿ ಭೂಮಿಯ ಹಂಚಿಕೆ ನಡೆಯುವುದು ಇವರ ಒಪ್ಪಿಗೆಯಿಂದ. ನೀವು ಅವರ ನೆಲದಲ್ಲಿ ಅತಿಥಿ.

ನಿಮ್ಮ ಕೌಂಟರ್‌ಪಾರ್ಟ್, ಅಂದರೆ ಜೊತೆಯಲ್ಲಿ ಕೆಲಸ ಮಾಡಲಿರುವ ಸ್ಥಳೀಯರು, ಮೊದಲೇ ಹೇಳಿ ಕಳಿಸಿರಬೇಕು. ಅರಮನೆಯ ಬಾಗಿಲಲ್ಲಿ ಕಪಾಸೊ ಎಂಬ ಸೇವಕರಿರುತ್ತಾರೆ. ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಕೂರಬೇಕು, ಯಾವಾಗ ಚಪ್ಪಾಳೆ ತಟ್ಟಬೇಕು ಎಂದು ಅವರನ್ನೇ ಕೇಳಿ. ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. ಹೆಂಗಸರು ಮಂಡಿಯ ಕೆಳಗಿನವರೆಗೆ ಚಿಟೆಂಗೆ ಸುತ್ತಿರಬೇಕು, ಗಂಡಸರು ಟೋಪಿ ತೆಗೆಯಬೇಕು. ಚೀಫ್ ತಾವಾಗಿ ಕೈ ಚಾಚದೆ ನೀವು ಚಾಚಬೇಡಿ. ಕಾಣಿಕೆಯಾಗಿ ಸಕ್ಕರೆ, ಅಡುಗೆ ಎಣ್ಣೆಯಂಥ ಮನೆ ಸಾಮಾನು ಒಯ್ಯಬಹುದು. ಏನು, ಎಷ್ಟು ಎಂಬುದನ್ನು ಕೌಂಟರ್‌ಪಾರ್ಟ್ ತೀರ್ಮಾನಿಸಲಿ. ದುಬಾರಿ ಉಡುಗೊರೆ ಬೇಡ. ಮುಂದೆ ಬರುವವರಿಗೂ ಅದೇ ಲೆಕ್ಕವಾಗುತ್ತದೆ.

ಚೀಫ್ ಊರಲ್ಲಿಲ್ಲದಿದ್ದರೆ ಬಂದು ಹೋದ ವಿಷಯ ಕಪಾಸೊಗೆ ತಿಳಿಸಿ ಬನ್ನಿ.

## ಮನೆ, ನೀರು, ಊಟ

ಗುಡಿಸಲಲ್ಲಿ ಏನೇನು ನೋಡಿಕೊಂಡು ಬರಬೇಕು?

ಇದಕ್ಕೆ ಅರ್ಧ ದಿನ ಎತ್ತಿಡಿ. ಮಾಮೂಲಿ ಮನೆ ಎಂದರೆ ಇಟ್ಟಿಗೆ ಗೋಡೆ, ಹುಲ್ಲಿನ ಸೂರು, ಒಂದೋ ಎರಡೋ ಕೋಣೆ. ಹೊರಗೆ ಗುಂಡಿ ಕಕ್ಕಸು, ಹುಲ್ಲಿನ ತಟ್ಟಿ ಕಟ್ಟಿದ ಬಚ್ಚಲು, ಅಡುಗೆಗೆ ಮತ್ತು ಕೂತು ಮಾತಾಡಲು ಇನ್ಸಾಕಾ ಎಂಬ ತೆರೆದ ಚಪ್ಪರ.

ಬಾಗಿಲಿನಿಂದ ಶುರು ಮಾಡಿ: ಅಗಲ, ಎತ್ತರ, ಚೌಕಟ್ಟು ಗಟ್ಟಿಯಾಗಿದೆಯೇ, ಒಳಗಿನಿಂದ ಅಗುಳಿ, ಹೊರಗಿನಿಂದ ಬೀಗ ಎರಡೂ ಇವೆಯೇ. ಕೊಂಡಿಯ ತೂತಿನ ಅಳತೆ ಬರೆದುಕೊಳ್ಳಿ, ದಪ್ಪ ಬೀಗ ತಂದು ತೂರದೆ ಹೋಗುವುದು ಸಾಮಾನ್ಯ. ಕೊಂಡಿ ಮೊಳೆಯಲ್ಲಿ ನಿಂತಿದೆಯೋ ಬೋಲ್ಟಿನಲ್ಲೋ? ಮೊಳೆಯಾದರೆ ಚಾಕುವಿನಿಂದಲೂ ಕೀಳಬಹುದು. ಕಿಟಕಿಗಳ ಉದ್ದಗಲ ಸೆಂಟಿಮೀಟರ್‌ನಲ್ಲಿ ಬೇಕು. ಸೊಳ್ಳೆ ಜಾಲರಿ ಕೊಳ್ಳಲು ಅದೇ ಲೆಕ್ಕ, ಸುತ್ತ 10 ಸೆಂಟಿಮೀಟರ್ ಹೆಚ್ಚಿಗೆ ತಗೊಳ್ಳಿ.

ಹಗಲು ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಸೂರು ನೋಡಿ. ಎಲ್ಲಿ ಬೆಳಕು ಚುಕ್ಕೆಯಾಗಿ ಕಾಣುತ್ತದೋ ಅಲ್ಲಿ ಮಳೆ ಬರುತ್ತದೆ. ಹುಲ್ಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಸೋರಿಕೆ, ಉದುರುವ ಕಸ, ಹುಳ ಮೂರೂ ನಿಲ್ಲುತ್ತವೆ. ಅದಕ್ಕೆ ಕೋಣೆಯ ಉದ್ದಗಲ ಬೇಕು. ಜಂತಿಗಳ ನಡುವಿನ ಅಂತರ ಅಳೆದರೆ ಸೊಳ್ಳೆ ಪರದೆಯನ್ನು ಎಲ್ಲಿ ತೂಗುಹಾಕಬಹುದು ಎಂದು ತಿಳಿಯುತ್ತದೆ. ಗೋಡೆಯ ಬುಡದಲ್ಲಿ ಮಣ್ಣಿನ ಸಣ್ಣ ಸುರಂಗಗಳು ಕಂಡರೆ ಗೆದ್ದಲು. ಹಾಗಿದ್ದರೆ ನೆಲದ ಮೇಲೆ ಪುಸ್ತಕ, ಮರದ ಪೆಟ್ಟಿಗೆ ಇಡುವಂತಿಲ್ಲ.

ಕಕ್ಕಸಿನ ನೆಲದ ಮೇಲೆ ಕಾಲಿಡುವ ಮುನ್ನ ಕೋಲಿನಿಂದ ಕುಟ್ಟಿ ನೋಡಿ, ಮರ ಕೊಳೆತಿದ್ದರೆ ಸದ್ದು ಬೇರೆ ಬರುತ್ತದೆ. ಗುಂಡಿ ಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಬೇಕು, ಬಾವಿಗಿಂತ ಎತ್ತರದಲ್ಲಿ ಇರಬಾರದು.

ಮನೆ ಇನ್ನೂ ಮುಗಿದೇ ಇಲ್ಲ! ನಾನೇ ದುಡ್ಡು ಕೊಟ್ಟು ಮುಗಿಸಿಬಿಡಲಾ?

ಕೊಡಬೇಡಿ. ಸೂರಾಗಿಲ್ಲ, ಬಾಗಿಲಾಗಿಲ್ಲ, ಕಕ್ಕಸು ಅರ್ಧ ತೋಡಿದ್ದಾರೆ ಎಂಬುದು ಮೊದಲ ಭೇಟಿಯಲ್ಲಿ ಅತಿ ಸಾಮಾನ್ಯ. ಮನೆ ಕಟ್ಟಿ ಕೊಡುವುದರಲ್ಲಿ ಊರಿನ ಪಾಲೂ ಇದೆ. ಆ ಪಾಲೇ ನಿಮ್ಮನ್ನು ಅವರು ಬೇಕೆಂದು ಕರೆಸಿಕೊಂಡದ್ದಕ್ಕೆ ಗುರುತು. ನೀವು ಹಣ ಕೊಟ್ಟ ದಿನ ಆ ಒಪ್ಪಂದ ಮುರಿಯುತ್ತದೆ, ಮುಂದೆ ಪ್ರತಿ ಕೆಲಸಕ್ಕೂ ನಿಮ್ಮ ಜೇಬನ್ನೇ ನೋಡುತ್ತಾರೆ.

ಕೌಂಟರ್‌ಪಾರ್ಟ್ ಮತ್ತು ಮುಖಂಡರ ಜೊತೆ ಕೂತು ಬಾಕಿ ಕೆಲಸದ ಪಟ್ಟಿ ಮಾಡಿ: ಏನು, ಯಾರು, ಯಾವಾಗೊಳಗೆ. ಫೋಟೊ ತೆಗೆದು ಪಟ್ಟಿಯ ಪ್ರತಿಯನ್ನು ಕಚೇರಿಗೆ ಕೊಡಿ. ಬಾಗಿಲಿಗೆ ಅಗುಳಿಯೇ ಇಲ್ಲದಿದ್ದರೆ ಒಬ್ಬರೇ ಅಲ್ಲಿ ಮಲಗಬೇಡಿ. ಆತಿಥೇಯ ಕುಟುಂಬದ ಮನೆಯಲ್ಲಿ ಮಲಗಿ, ಅದೇ ದಿನ ಕಚೇರಿಗೆ ತಿಳಿಸಿ.

ಕುಡಿಯೋ ನೀರಿಗೆ ಏನು ಮಾಡಲಿ?

ಕೈಪಂಪಿನ ನೀರು ತೆರೆದ ಬಾವಿ, ಹೊಳೆಯ ನೀರಿಗಿಂತ ಎಷ್ಟೋ ವಾಸಿ. ಆದರೂ ಮೊದಲ ಭೇಟಿಯಲ್ಲಿ ಯಾವುದನ್ನೂ ನಂಬಬೇಡಿ. ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಇಲ್ಲವೇ ಅಲ್ಲಿಯ ಅಂಗಡಿಗಳಲ್ಲಿ ಸಿಗುವ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಹಾಕಿ ಅರ್ಧ ಗಂಟೆ ಬಿಡಿ. ಕೆಸರು ನೀರಿಗೆ ಕ್ಲೋರಿನ್ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಬಟ್ಟೆಯಲ್ಲಿ ಸೋಸಿ.

ನೀರಿನ ಜಾಗಕ್ಕೆ 20 ಲೀಟರ್ ಕ್ಯಾನ್ ಹಿಡಿದು ಒಂದು ಸಲ ನೀವೇ ಹೋಗಿ ಬನ್ನಿ. ತುಂಬಿದ ಕ್ಯಾನ್ 20 ಕಿಲೋ ತೂಗುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಒಬ್ಬರಿಗೆ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಬೇಕು. ಆಗಲೇ ಗೊತ್ತಾಗುತ್ತದೆ, ಬೋಮಾದಲ್ಲಿ 20 ಲೀಟರಿನದು ಕೊಳ್ಳಬೇಕೋ 10 ಲೀಟರಿನ ಎರಡು ಕೊಳ್ಳಬೇಕೋ ಎಂದು.

ಕೆರೆ, ನಿಧಾನವಾಗಿ ಹರಿಯುವ ಹೊಳೆಗಳಲ್ಲಿ ಈಜಬೇಡಿ. ಅಲ್ಲಿಯ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಕಾಯಿಲೆಯ ಸೂಕ್ಷ್ಮ ಹುಳು ನೀರಿಗೆ ಬಿದ್ದು ಚರ್ಮದ ಮೂಲಕ ಮೈಯೊಳಗೆ ಸೇರುತ್ತದೆ.

ನಮ್ಮ ಮಗಳು ಸಸ್ಯಾಹಾರಿ. ಅಲ್ಲಿ ಏನು ತಿಂತಾಳೆ?

ಚಿಂತೆ ಬೇಡ, ಚೆನ್ನಾಗಿಯೇ ತಿನ್ನಬಹುದು. ಮುಖ್ಯ ಊಟ ಉಬ್ವಾಲಿ, ದೇಶದಲ್ಲೆಲ್ಲ ನ್ಶಿಮಾ ಎಂದು ಕರೆಯುವ ಮುದ್ದೆ. ಈಗ ಹೆಚ್ಚಾಗಿ ಜೋಳದ, ಅಂದರೆ ಮೆಕ್ಕೆಜೋಳದ ಬಿಳಿ ಹಿಟ್ಟಿನದು. ಲುವಾಪುಲಾ ಕಡೆ ಮರಗೆಣಸಿನದು. ಆದರೆ ಬೆಂಬಾ ಜನರ ಹಳೆಯ ಧಾನ್ಯ ರಾಗಿಯೇ. ಕಾಡಿನ ಕೊಂಬೆಗಳನ್ನು ಕಡಿದು ಒಟ್ಟಿ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವ ಚಿಟೆಮೆನೆ ಬೇಸಾಯ ನಮ್ಮ ಮಲೆನಾಡಿನ ಕುಮರಿಯ ಹತ್ತಿರದ ನೆಂಟ. ಹಳ್ಳಿಯಲ್ಲಿ ರಾಗಿ ಉಬ್ವಾಲಿ ಬಡಿಸಿದರೆ ಮಂಡ್ಯದ ಕಡೆಯ ಮಕ್ಕಳಿಗೆ ಯಾರೂ ತಿನ್ನಲು ಹೇಳಿಕೊಡಬೇಕಿಲ್ಲ. ಒಂದೇ ವ್ಯತ್ಯಾಸ: ಅಲ್ಲಿ ನುಂಗುವುದಿಲ್ಲ, ಸಣ್ಣ ಉಂಡೆ ಮಾಡಿ, ಹೆಬ್ಬೆರಳಿನಲ್ಲಿ ಕುಳಿ ಒತ್ತಿ, ಪಲ್ಯ ಎತ್ತಿಕೊಂಡು ಅಗಿದು ತಿನ್ನುತ್ತಾರೆ.

ಪಲ್ಯಕ್ಕೆ ಕುಂಬಳದ ಎಲೆ, ಗೆಣಸಿನ ಎಲೆ, ಮರಗೆಣಸಿನ ಎಲೆ, ಬೀನ್ಸ್ ಕಾಳು. ಕುಟ್ಟಿದ ಕಡಲೆಕಾಯಿ ಹಾಕಿ ಬೇಯಿಸಿದ ಸೊಪ್ಪಿಗೆ ಇಫಿಸಾಶಿ ಎನ್ನುತ್ತಾರೆ, ಬಲು ರುಚಿ. ತೊಡಕು ಎರಡು ಕಡೆ. ಅತಿಥಿ ಬಂದರೆ ಕೋಳಿ ಕೊಯ್ಯುವುದು ದೊಡ್ಡ ಮರ್ಯಾದೆ. ಕೊಯ್ದ ಮೇಲೆ ಬೇಡವೆಂದರೆ ಮನಸ್ಸಿಗೆ ನೋವಾಗುತ್ತದೆ. ಹೊರಡುವ ವಾರ ಮೊದಲೇ ಕೌಂಟರ್‌ಪಾರ್ಟ್ ಮೂಲಕ ಹೇಳಿ ಕಳಿಸಿ. ಇನ್ನೊಂದು, ‘ಮಾಂಸ ತಿನ್ನಲ್ಲ’ ಎಂದರೆ ಮೀನು ಬಡಿಸುತ್ತಾರೆ. ಕಪೆಂಟಾ ಎಂಬ ಒಣ ಮೀನು, ಮರದ ಕಂಬಳಿಹುಳು ಅವರ ಲೆಕ್ಕದಲ್ಲಿ ಮಾಂಸವಲ್ಲ. ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು. ಮನೆಯ ನಂಬಿಕೆ ಎಂದು ಕಾರಣ ಕೊಟ್ಟರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಎಷ್ಟೋ ಬೆಂಬಾ ಮನೆತನಗಳಿಗೂ ಚರ್ಚುಗಳಿಗೂ ಅವರವರ ನಿಷೇಧಗಳಿವೆ.

ಬಟ್ಟೆ ಒಣಗಿಸಿದ ಮೇಲೆ ಇಸ್ತ್ರಿ ಮಾಡದೆ ಹಾಕಬಾರದಂತೆ, ನಿಜಾನಾ?

ನಿಜ, ಒಳಬಟ್ಟೆಯನ್ನೂ. ಪುಟ್ಸಿ ನೊಣ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ; ಮರಿ ಚರ್ಮದೊಳಗೆ ಹೊಕ್ಕು ಕುರುವಿನ ಹಾಗೆ ಊದಿಕೊಳ್ಳುತ್ತದೆ. ಇಸ್ತ್ರಿಯ ಬಿಸಿಗೆ ಮೊಟ್ಟೆ ಸಾಯುತ್ತದೆ. ಭೇಟಿಯ ದಿನಗಳಿಗೆ ಸಾಕಷ್ಟು ಬಟ್ಟೆ ಒಯ್ದು, ಒಗೆಯುವುದನ್ನೇ ತಪ್ಪಿಸುವುದು ಸುಲಭ.

ಸೋಲಾರ್ ಪ್ಯಾನೆಲ್, ಫೋನ್ ಸಿಗ್ನಲ್?

ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳಿ. ನೋಂದಣಿಗೆ ಪಾಸ್‌ಪೋರ್ಟ್ ಬೇಕು. ಏರ್‌ಟೆಲ್, ಎಂ.ಟಿ.ಎನ್., ಜಾಮ್‌ಟೆಲ್ ಮೂರರಲ್ಲಿ ನಿಮ್ಮ ಊರಿಗೆ ಯಾವುದು ಬರುತ್ತದೆಂದು ಅಲ್ಲಿಯವರಿಗೆ ಗೊತ್ತು. ಇದೇ ಹುತ್ತದ ಮೇಲೆ, ಇದೇ ಮರದಡಿ ಎಂದು ಜಾಗ ತೋರಿಸುತ್ತಾರೆ, ಗುರುತು ಹಾಕಿಕೊಳ್ಳಿ. ಸೋಲಾರ್ ಪ್ಯಾನೆಲ್ಲನ್ನು ಭಾರತದಲ್ಲಾಗಲಿ ಅಮೆರಿಕದಲ್ಲಾಗಲಿ ದಕ್ಷಿಣಕ್ಕೆ ವಾಲಿಸುತ್ತೇವೆ, ಜಾಂಬಿಯಾದಲ್ಲಿ ಉತ್ತರಕ್ಕೆ ವಾಲಿಸಬೇಕು. ಬೋಮಾದಲ್ಲಿ ವಿದ್ಯುತ್ 230 ವೋಲ್ಟ್, ಹೆಚ್ಚಾಗಿ ಮೂರು ಚೌಕ ಕಡ್ಡಿಯ ಬ್ರಿಟಿಷ್ ಪ್ಲಗ್ಗು.

## ಜನ, ಕೆಲಸ, ಒಳಗಿನ ವಿಚಾರಗಳು

‘ನೀನು ಅಮೆರಿಕದವಳಲ್ಲ, ಇಂಡಿಯನ್’ ಅಂತಾರಂತೆ. ಏನು ಹೇಳಲಿ?

ಹೇಳುತ್ತಾರೆ, ಪ್ರತಿದಿನ. ಬಿಳಿಯರು ಮುಸುಂಗು, ಭಾರತೀಯ ಮೂಲದವರು ಮ್ವೆನ್ಯೆ. ಜಾಂಬಿಯಾದ ಪೇಟೆಗಳಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟಿರುವ ಭಾರತೀಯರಿದ್ದಾರೆ, ಬಹುಪಾಲು ಗುಜರಾತಿನವರು. ಹೀಗಾಗಿ ‘ನಿಮ್ಮ ಅಂಗಡಿ ಎಲ್ಲಿದೆ?’ ಎಂಬ ಪ್ರಶ್ನೆ ಬರುವುದು ಸಹಜ. ಅದರಲ್ಲಿ ಕೆಟ್ಟ ಉದ್ದೇಶ ಅಪರೂಪ.

ಚಿಕ್ಕ ಉತ್ತರವೊಂದನ್ನು ಬೆಂಬಾದಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ: ಅಪ್ಪ ಅಮ್ಮ ಭಾರತದಿಂದ ಬಂದರು, ನಾನು ಅಮೆರಿಕದಲ್ಲಿ ಬೆಳೆದೆ, ಅಂಗಡಿ ಇಲ್ಲ, ಇಲ್ಲಿ ಕಲಿಯಲು ಬಂದಿದ್ದೇನೆ. ಮನೆತನ, ಊರು, ಒಡಹುಟ್ಟಿದವರ ಬಗ್ಗೆ ಎರಡು ಮಾತು ಸೇರಿಸಿದರೆ ನೀವು ಯಾರ ಮನೆಯವರು ಎಂಬುದು ಅವರಿಗೆ ಸಿಗುತ್ತದೆ. ಅವರಿಗೆ ಬೇಕಾದದ್ದೂ ಅದೇ. ಬೇಸರವಾದ ದಿನ ಕೌಂಟರ್‌ಪಾರ್ಟ್‌ಗೆ ಹೇಳಿ, ನಿಮ್ಮ ಪರವಾಗಿ ಅವರು ಮಾತಾಡಲಿ.

ಎಲ್ಲರೂ ಏನಾದರೂ ಕೇಳ್ತಾರೆ: ಗೊಬ್ಬರ, ಫೀಸು, ಸೈಕಲ್. ಇಲ್ಲ ಅನ್ನೋಕೆ ಮನಸ್ಸು ಬರಲ್ಲ.

‘ನೋಡೋಣ’ ಎನ್ನಬೇಡಿ. ನಮ್ಮಲ್ಲಿ ಅದು ನಯವಾದ ನಿರಾಕರಣೆ, ಅಲ್ಲಿ ಒಪ್ಪಿಗೆ ಎಂದೇ ನೆನಪಿಟ್ಟುಕೊಳ್ಳುತ್ತಾರೆ. ನೀವು ಮತ್ತೆ ಬರುವಷ್ಟರಲ್ಲಿ ಅದು ಊರಿಗೆಲ್ಲ ಕೊಟ್ಟ ಮಾತಾಗಿರುತ್ತದೆ. ಮೊದಲ ಸಭೆಯಲ್ಲೇ ಕೌಂಟರ್‌ಪಾರ್ಟ್ ಬಾಯಲ್ಲಿ ಹೇಳಿಸಿ: ಇವರು ಹಣ ತಂದಿಲ್ಲ, ಸಾಮಾನು ತಂದಿಲ್ಲ, ಜೊತೆಯಲ್ಲಿ ಕೆಲಸ ಮಾಡಲು ಬರುತ್ತಾರೆ. ಹಿಂದಿನ ಸ್ವಯಂಸೇವಕರು ಏನೇನು ಕೊಟ್ಟಿದ್ದರು ಎಂಬ ಪಟ್ಟಿ ಬಂದೇ ಬರುತ್ತದೆ. ಕೇಳಿಸಿಕೊಳ್ಳಿ, ಅವರನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ.

ಮೂರು ಸಭೆ ಗೊತ್ತು ಮಾಡಿದ್ದರು. ಊರಲ್ಲಿ ಸಾವಾಯ್ತು ಅಂತ ಎಲ್ಲಾ ರದ್ದು. ಭೇಟಿ ವ್ಯರ್ಥ ಆಯ್ತಲ್ಲ?

ಸಾವಿನ ಮನೆಗೆ ಹೋಗಿ. ಅಂದು ಊರಿನಲ್ಲಿ ಬೇರೆ ಕೆಲಸವಿಲ್ಲ, ನಿಮಗೂ ಇಲ್ಲ. ಹೆಂಗಸರು ಒಳಗೆ ಕೂತು ಅಳುತ್ತಾರೆ, ಹಾಡುತ್ತಾರೆ. ಗಂಡಸರು ಹೊರಗೆ ಬೆಂಕಿಯ ಸುತ್ತ ಕೂರುತ್ತಾರೆ. ಹೆಂಗಸಾದರೆ ಚಿಟೆಂಗೆ ಸುತ್ತಿ ಒಳಗೆ ಹೋಗಿ, ಮಾತಾಡದೆ ಕೂತರೆ ಸಾಕು. ಜೋಳದ ಹಿಟ್ಟೋ ಸ್ವಲ್ಪ ಹಣವೋ ಕೊಡುವ ರೂಢಿಯಿದೆ, ಎಷ್ಟೆಂದು ಆತಿಥೇಯರನ್ನು ಕೇಳಿ. ಫೋಟೊ ಬೇಡ. ಮೂರು ಸಭೆಗಳಲ್ಲಿ ನೋಡಬಹುದಾದದ್ದಕ್ಕಿಂತ ಹೆಚ್ಚು ಜನರನ್ನು ಅಲ್ಲಿ ನೋಡುತ್ತೀರಿ, ಅವರೂ ನಿಮ್ಮನ್ನು ನೋಡುತ್ತಾರೆ.

ಊರು ನನಗೆ ಹಿಡಿಸಲಿಲ್ಲ. ಬದಲಾಯಿಸಿಕೊಡ್ತಾರಾ?

ಸುರಕ್ಷತೆ ಅಥವಾ ಆರೋಗ್ಯದ ಕಾರಣವಿದ್ದರೆ ಖಂಡಿತ ಕೇಳಿ, ಒಂದು ದಿನವೂ ತಡ ಮಾಡದೆ: ಯಾರಾದರೂ ಬೆದರಿಸಿದರು, ಮೈ ಮುಟ್ಟಿದರು, ರಾತ್ರಿ ಬಾಗಿಲು ಬಡಿದರು, ಕುಡುಕರ ಅಡ್ಡೆಯ ಪಕ್ಕವೇ ಮನೆ. ಇವನ್ನು ‘ಹೊಂದಿಕೊಳ್ಳೋಣ’ ಎಂದು ನುಂಗಬೇಡಿ.

ಒಂಟಿತನ, ಭಾಷೆ ತಿಳಿಯದು, ಮಕ್ಕಳು ದಿನವಿಡೀ ಬಾಗಿಲಲ್ಲಿ ನಿಂತು ನೋಡುತ್ತಾರೆ ಎಂಬುದಾದರೆ ಅದಕ್ಕೆ ಊರು ಬದಲಾಯಿಸುವುದಿಲ್ಲ. ಎರಡನೆಯ ರಾತ್ರಿ ಅಳು ಬರುವುದು ಬಹಳ ಜನರಿಗೆ ಆಗುವಂಥದ್ದು. ಆ ಹೊತ್ತಿನಲ್ಲಿ ಬಿಟ್ಟು ಹೋಗುವ ತೀರ್ಮಾನ ತೆಗೆದುಕೊಳ್ಳಬೇಡಿ. ತರಬೇತಿಗೆ ಮರಳಿ ನಿದ್ದೆ ಮಾಡಿ, ಊಟ ಮಾಡಿ, ಆಮೇಲೆ ಮಾತಾಡಿ.

ಸೈಟ್ ಲೊಕೇಟರ್ ಫಾರ್ಮ್, ಅಂದರೆ ನಮ್ಮ ಮನೆಗೆ ದಾರಿ ತಿಳಿಸುವ ಫಾರ್ಮ್, ತುಂಬಿಸಿ ಅಂತಾರೆ. ಜಿ.ಪಿ.ಎಸ್. ಇರುವಾಗ ಕೈನಕ್ಷೆ ಯಾಕೆ?

ತುರ್ತಿನಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವ ಚಾಲಕ ಆ ಊರನ್ನು ನೋಡಿರುವುದಿಲ್ಲ, ಬರುವುದು ರಾತ್ರಿಯೂ ಇರಬಹುದು. ಜಿ.ಪಿ.ಎಸ್. ಸಂಖ್ಯೆ ಮನೆಯ ಬಿಂದು ತೋರಿಸುತ್ತದೆ, ಯಾವ ಕಾಲುದಾರಿಯಲ್ಲಿ ಗಾಡಿ ಹೋಗುತ್ತದೆಂದು ತೋರಿಸುವುದಿಲ್ಲ. ನಕ್ಷೆಯನ್ನು ಟಾರು ರಸ್ತೆಯಿಂದ ಶುರು ಮಾಡಿ. ತಿರುವಿನ ಗುರುತಿಗೆ ಶಾಲೆ, ಚರ್ಚು, ಕ್ಲಿನಿಕ್ ಬರೆಯಿರಿ. ‘ದೊಡ್ಡ ಮಾವಿನ ಮರ’ ಎಂದು ಬರೆಯಬೇಡಿ, ಅಲ್ಲಿ ಅಂಥವು ನೂರಿವೆ. ತಿರುವುಗಳ ನಡುವಿನ ದೂರ, ಮಳೆಗಾಲದ ಬದಲಿ ದಾರಿ, ಹತ್ತಿರದ ಕ್ಲಿನಿಕ್, ಪೊಲೀಸ್ ಠಾಣೆ, ಹೆಲಿಕಾಪ್ಟರ್ ಇಳಿಯಬಹುದಾದ ಬಯಲು, ಅಕ್ಕಪಕ್ಕದ ಇಬ್ಬರ ಫೋನ್ ಸಂಖ್ಯೆ ಇರಲಿ. ಬರೆದ ಮೇಲೆ ಊರಿನ ಗೊತ್ತಿರುವವರೊಬ್ಬರಿಗೆ ತೋರಿಸಿ, ತಪ್ಪು ತಿದ್ದಿಸಿಕೊಳ್ಳಿ.

ನಾನು ಮೀನು ಸಾಕಣೆ ಯೋಜನೆಗೆ ಬಂದವನು. ಮೊದಲ ಭೇಟಿಯಲ್ಲೇ ಹೊಂಡದ ಜಾಗ ಗುರುತು ಮಾಡಿಬಿಡಲಾ?

ಬೇಡ. ಇರುವ ಹೊಂಡಗಳನ್ನು ನೋಡಿ, ಜಾಗ ಗುರುತು ಮಾಡುವುದು ಆಮೇಲೆ. ರೈತರು ತೋರಿಸುವ ಜಾಗ ಹೆಚ್ಚಾಗಿ ಬೇರೆ ಯಾವುದಕ್ಕೂ ಬಾರದ ನೆಲ. ಅದು ಮೀನಿಗೂ ಬಾರದೆ ಇರಬಹುದು.

ಮಣ್ಣು ಪರೀಕ್ಷಿಸುವುದಕ್ಕೆ ಅಡ್ಡಿಯಿಲ್ಲ. ಒಂದು ಮೀಟರ್ ಆಳದಿಂದ ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ, ಉಂಡೆ ಕಟ್ಟಿ, ಅರ್ಧ ಮೀಟರ್ ಮೇಲಕ್ಕೆ ಎಸೆದು ಹಿಡಿಯಿರಿ. ಒಡೆಯದಿದ್ದರೆ ಜೇಡಿ ಸಾಕಷ್ಟಿದೆ, ನೀರು ನಿಲ್ಲುವ ಸಂಭವವಿದೆ. ಪುಡಿಯಾದರೆ ಆ ಹೊಂಡ ಸೋರುತ್ತದೆ. ಇರುವ ಹೊಂಡಗಳ ಉದ್ದ, ಅಗಲ, ಆಳದ ತುದಿ, ಕಡಿಮೆ ಆಳದ ತುದಿ ಅಳೆದುಕೊಳ್ಳಿ. ಮೀನು ಎಲ್ಲಿಂದ ತಂದರು, ಏನು ಹಾಕುತ್ತಾರೆ, ಕೊನೆಯ ಸಲ ಯಾವಾಗ ನೀರು ಬಸಿದು ಹಿಡಿದರು, ಎಷ್ಟು ಸಿಕ್ಕಿತು, ಮಾರಿದರೋ ಹಂಚಿದರೋ ಎಂದು ಕೇಳಿ. ಬರೀ ಚಿಕ್ಕ ಮೀನುಗಳೇ ತುಂಬಿದ್ದರೆ ಟಿಲಾಪಿಯಾ ಮರಿ ಹಾಕಿ ಹಾಕಿ ಇಕ್ಕಟ್ಟಾಗಿದೆ, ತಡವಾಗಿ ಹಿಡಿಯುತ್ತಿದ್ದಾರೆ ಎಂದರ್ಥ.

ಎಲ್ಲಕ್ಕಿಂತ ಮುಖ್ಯ, ‘ಅಕ್ಟೋಬರ್‌ನಲ್ಲಿ ಈ ತೊರೆಯಲ್ಲಿ ಎಷ್ಟು ನೀರಿರುತ್ತದೆ?’ ಎಂದು ಕೇಳಿ. ಮೇ ತಿಂಗಳಲ್ಲಿ ಹೋದವರಿಗೆ ಎಲ್ಲ ತೊರೆಗಳೂ ತುಂಬಿ ಹರಿಯುವಂತೆ ಕಾಣುತ್ತವೆ. ಗಂಡಸರನ್ನು ಕೇಳಿದರೆ ಸಾಲದು. ಬೇಸಿಗೆಯಲ್ಲಿ ಯಾವ ತೊರೆ ಮೊದಲು ಬತ್ತುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂಬುದು ಕೊಡ ಹೊತ್ತು ನೀರು ತರುವ ಹೆಂಗಸರಿಗೆ ಗೊತ್ತು. ಅವರ ಉತ್ತರವನ್ನು ತೊರೆಯ ಹೆಸರಿನ ಜೊತೆ ಬರೆದುಕೊಂಡು ಬನ್ನಿ.